ರೆಕಾರ್ಡರ್ ದನಿ ಕಟ್ಟಿದರೆ ಮೊದಲು ಅದರ ಬಾಯಿ ನೋಡಿ

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ತಾಲೂಕಿನಲ್ಲಿ, ನಂದಿ ಬೆಟ್ಟದ ಬುಡದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಪೆಟ್ಟಿಗೆ ತುಂಬ ಪ್ಲಾಸ್ಟಿಕ್ ರೆಕಾರ್ಡರ್, ಅಂದರೆ ತುದಿಯಿಂದ ನೇರವಾಗಿ ಊದುವ ಪಾಶ್ಚಾತ್ಯ ಕೊಳಲು, ಕೊಟ್ಟಿದ್ದಾರೆ. ಎಲ್ಲಾ ಬಳಸಿದವು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಚೆನ್ನಾಗಿಯೇ ಊದಲು ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ದನಿ ಮಂಕಾಗಿ, ಆಮೇಲೆ ನಿಂತೇ ಹೋಗುತ್ತದೆ. ಒಂದನ್ನು ಹುಡುಗನೊಬ್ಬ ಪಿನ್ನು ಹಾಕಿ ಕ್ಲೀನ್ ಮಾಡಿದ. ಅದು ಈಗ ಬರೀ ಸುಯ್ ಅನ್ನುತ್ತದೆ. ಶಿವರಾತ್ರಿ ಜಾತ್ರೆಯಲ್ಲಿ ತಂದ ಬಿದಿರಿನ ಊದು ಕೊಳಲೂ ಒಂದಿದೆ. ಅದರ ಬಾಯಲ್ಲಿರುವ ಮರದ ತುಂಡು ಸಡಿಲವಾಗಿ ಸದ್ದೇ ಬರುತ್ತಿಲ್ಲ. ಈ ಬಾಯಿಯ ಒಳಗೆ ಏನಿದೆ? ನಾವೇ ಸರಿ ಮಾಡಿಕೊಳ್ಳಬಹುದಾ? ನಮ್ಮ ಮಾಮೂಲಿ ಕೊಳಲಿಗೆ ಇದೆಲ್ಲ ಯಾಕಿಲ್ಲ?

ಉತ್ತರ: ಮೇಡಂ, ನಿಮ್ಮ ಪೆಟ್ಟಿಗೆಯಲ್ಲಿರುವ ಹೆಚ್ಚಿನ ರೆಕಾರ್ಡರ್‌ಗಳು ಕೆಟ್ಟಿಲ್ಲ. ನೀರು ಕಟ್ಟಿದೆ, ಅಷ್ಟೇ. ಅದನ್ನು ನೀವೇ ಸರಿ ಮಾಡಬಹುದು, ಖರ್ಚೂ ಇಲ್ಲ. ಜಾತ್ರೆಯ ಕೊಳಲನ್ನೂ ಬದುಕಿಸಬಹುದು. ಪಿನ್ನು ಹಾಕಿದ್ದರ ಬಗ್ಗೆ ಮಾತ್ರ ನನಗೆ ಅನುಮಾನ. ಒಂದು ವಿಷಯ ಇವತ್ತೇ ಮಕ್ಕಳಿಗೆ ಹೇಳಿಬಿಡಿ: ಬಾಯಿಯ ಹತ್ತಿರ ಮೇಲ್ಗಡೆ ಇರುವ ಸಣ್ಣ ಕಿಟಕಿಯ ಒಳಗೆ ಪಿನ್ನು, ಕಡ್ಡಿ, ಪೆನ್ಸಿಲ್ ಮೊನೆ, ಉಗುರು ಯಾವುದೂ ಹೋಗಬಾರದು. ಯಾಕೆ ಅನ್ನುವುದು ಒಳಗೆ ಏನಾಗುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ.

ಒಂದು ರೆಕಾರ್ಡರ್ ತೆಗೆದುಕೊಂಡು ತಲೆಯ ಭಾಗವನ್ನು ಮೆಲ್ಲಗೆ ತಿರುಚಿ ಬಿಚ್ಚಿ. ತುಟಿ ಇಡುವ ಕಡೆ ಕೊಕ್ಕಿನ ಆಕಾರ ಇದೆ. ಕೆಳಗಡೆ ಸವರಿರುವುದು ತುಟಿಗೆ, ಗಲ್ಲಕ್ಕೆ ಹೊಂದಿಕೊಳ್ಳಲಿ ಅಂತ. ಅದರಿಂದ ಸದ್ದಿಗೆ ಏನೂ ಆಗಬೇಕಿಲ್ಲ. ಕೊಕ್ಕಿನ ತುದಿಯಲ್ಲಿ ಅಡ್ಡಕ್ಕೆ ಒಂದು ಸೀಳು ಕಾಣುತ್ತದೆ. ಗಾಳಿ ಒಳಗೆ ಹೋಗುವ ದಾರಿ ಅದು. ಸೀಳಿನ ಮಾಳಿಗೆ ಕೊಳವೆಯದ್ದೇ ಗೋಡೆ. ನೆಲ ಮಾತ್ರ ಬೇರೆ. ಕೊಳವೆಯ ಬಾಯಿಗೆ ಗಟ್ಟಿಯಾಗಿ ಕೂರಿಸಿದ ಒಂದು ಬೆಣೆಯ ಮೇಲ್ಮೈಯೇ ಆ ನೆಲ. ಒಂದೆರಡು ಇಂಚು ಮುಂದೆ, ಮೇಲ್ಗಡೆ, ಚೌಕಾಕಾರದ ಕಿಟಕಿ. ಬೆಣೆಯೂ ಸೀಳೂ ಅಲ್ಲಿಗೆ ಮುಗಿಯುತ್ತವೆ. ಕಿಟಕಿಯ ಆಚೆ ಬದಿಗೆ ಒಂದು ಇಳಿಜಾರು, ಅದರ ತುದಿಯಲ್ಲಿ ತೆಳ್ಳಗಿನ ಅಲಗು. ಇಂಗ್ಲಿಷ್ ಹೆಸರು ಬೇಕಾದರೆ ಸೀಳು ವಿಂಡ್‌ವೇ, ಬೆಣೆ ಬ್ಲಾಕ್, ಕಿಟಕಿ ವಿಂಡೋ, ಅಲಗು ಲೇಬಿಯಂ. ಇಷ್ಟೇ. ಅಲುಗಾಡುವ ಒಂದು ಭಾಗವೂ ಒಳಗಿಲ್ಲ.

ಒಳಗೆ ಪೀಪಿ ಇದೆ, ಅದು ಹಳೆಯದಾಗಿದೆ, ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಓಲಗಕ್ಕೆ ಸೀವಾಳಿ ಬೇಕು, ಹಾರ್ಮೋನಿಯಂಗೆ ಹಿತ್ತಾಳೆ ರೀಡು ಬೇಕು. ರೆಕಾರ್ಡರಿಗೆ ಅಂಥದ್ದು ಏನೂ ಬೇಡ. ಇಲ್ಲಿ ನಡುಗುವುದು ಗಾಳಿಯೇ.

ಅದು ಹೇಗೆ ಅಂದರೆ, ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಅದುಮಿದರೆ ನೀರು ಚಪ್ಪಟೆಯಾಗಿ, ಜೋರಾಗಿ ಚಿಮ್ಮುತ್ತದಲ್ಲ, ಸೀಳು ನಮ್ಮ ಉಸಿರಿಗೆ ಅದನ್ನೇ ಮಾಡುತ್ತದೆ. ಉಸಿರು ತೆಳುವಾದ ಹಾಳೆಯಾಗಿ ಕಿಟಕಿಯೊಳಗೆ ನುಗ್ಗಿ, ಎದುರಿಗಿರುವ ಅಲಗಿಗೆ ನೇರವಾಗಿ ತಾಗುತ್ತದೆ. ತಾಗಿದ ಗಾಳಿ ಒಂದು ಸಲ ಅಲಗಿನ ಮೇಲಕ್ಕೆ ಹೊರಗೆ ಹೋಗುತ್ತದೆ, ಇನ್ನೊಂದು ಸಲ ಕೆಳಕ್ಕೆ ಕೊಳವೆಯೊಳಗೆ ಹೋಗುತ್ತದೆ. ಎಷ್ಟು ಬೇಗ ಹೀಗೆ ಓಲಾಡಬೇಕು ಅನ್ನುವುದನ್ನು ಕೊಳವೆಯಲ್ಲಿರುವ ಗಾಳಿ ನಿರ್ಧರಿಸುತ್ತದೆ. ಎಲ್ಲಾ ತೂತು ಮುಚ್ಚಿದ ಸೊಪ್ರಾನೋ ರೆಕಾರ್ಡರಿನಲ್ಲಿ ಗಾಳಿಯ ಹಾಳೆ ಸೆಕೆಂಡಿಗೆ ಸುಮಾರು 523 ಸಲ ಮೇಲೆ ಕೆಳಗೆ ಆಡುತ್ತದೆ. ಮಕ್ಕಳ ಕೈಗೆ ಬಂದಿರುವುದು ಸಾಮಾನ್ಯವಾಗಿ ಈ ಸೊಪ್ರಾನೋನೇ, ಒಂದು ಅಡಿಗಿಂತ ಚೂರು ಉದ್ದ ಇರುವಂಥದ್ದು.

ಅಳತೆಗಳನ್ನು ಕೇಳಿದರೆ ಪಿನ್ನು ಯಾಕೆ ಬೇಡ ಅನ್ನುವುದು ತಿಳಿಯುತ್ತದೆ. ಸೊಪ್ರಾನೋದಲ್ಲಿ ಸೀಳು ಕಿಟಕಿಗೆ ಬಾಯಿ ಬಿಡುವ ಜಾಗದಲ್ಲಿ ಅದರ ಎತ್ತರ ಸುಮಾರು 1 ಮಿಲಿಮೀಟರ್. ಅಲ್ಲಿಂದ ಅಲಗಿನವರೆಗೆ ಸುಮಾರು 4 ಮಿಲಿಮೀಟರ್. ಒಂದು ಮಿಲಿಮೀಟರ್ ಜಾಗದಲ್ಲಿ ಕೂದಲೆಳೆಯಷ್ಟು ಗೀರು ಬಿದ್ದರೂ ಗಾಳಿಗೆ ಅದು ದೊಡ್ಡ ಹಳ್ಳ. ಸೀಳಿನ ಬಾಯಲ್ಲಿ, ಮೇಲೆ ಮತ್ತು ಕೆಳಗೆ, ಕಣ್ಣಿಗೆ ಕಾಣಿಸದಷ್ಟು ಸಣ್ಣದಾಗಿ ಮೂಲೆ ಸವರಿರುತ್ತಾರೆ. ದನಿ ತಟ್ಟನೆ ಹೊರಡುತ್ತದೋ ತಡವರಿಸುತ್ತದೋ ಅನ್ನುವುದರಲ್ಲಿ ಆ ಸವರಿಕೆಗೆ ದೊಡ್ಡ ಪಾಲಿದೆ. ಮರದ ರೆಕಾರ್ಡರ್ ಮಾಡುವವರು ಕೊಳವೆಯನ್ನು ಕೊರೆದು ಮುಗಿಸಿದ ಮೇಲೆ ಈ ನಾಲ್ಕು ಮಿಲಿಮೀಟರಿನ ಮುಂದೆ ಕೂತು ತಾಳ್ಮೆಯಿಂದ ಕೆರೆಯುತ್ತಾರೆ, ಊದಿ ನೋಡುತ್ತಾರೆ, ಮತ್ತೆ ಕೆರೆಯುತ್ತಾರೆ. ನನ್ನನ್ನು ಕೇಳಿದರೆ ದುಬಾರಿ ರೆಕಾರ್ಡರಿಗೆ ನಾವು ದುಡ್ಡು ಕೊಡುವುದು ಮರಕ್ಕಿಂತ ಜಾಸ್ತಿ ಈ ಕೆಲಸಕ್ಕೆ.

ಇನ್ನು ನಮ್ಮ ಕೊಳಲಿಗೆ ಇದೆಲ್ಲ ಯಾಕಿಲ್ಲ ಅಂತ ಕೇಳಿದ್ದೀರಿ. ಇದೆ ಮೇಡಂ, ಊದುವವರ ಮುಖದಲ್ಲಿದೆ. ಅಡ್ಡ ಕೊಳಲಿನಲ್ಲಿ ಎರಡು ತುಟಿಯ ನಡುವಿನ ಸಂದೇ ಸೀಳು. ಊದುವ ತೂತೇ ಕಿಟಕಿ, ಅದರ ಆಚೆ ಅಂಚೇ ಅಲಗು. ಗಾಳಿಯ ಹಾಳೆ ಎಷ್ಟು ದಪ್ಪ ಇರಬೇಕು, ಅಂಚಿನಿಂದ ಎಷ್ಟು ದೂರದಲ್ಲಿ ಹೊರಡಬೇಕು, ಯಾವ ಕೋನದಲ್ಲಿ ತಾಗಬೇಕು ಅನ್ನುವುದೆಲ್ಲ ತುಟಿಯ ಹಿಡಿತ. ಅದಕ್ಕೇ ಹೊಸಬರಿಗೆ ಶುರುವಿನಲ್ಲಿ ಬರೀ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ರೆಕಾರ್ಡರಿನಲ್ಲಿ ಬೆಣೆ ಮತ್ತು ಸೀಳು ಆ ಹಿಡಿತವನ್ನು ಒಂದೇ ಸ್ಥಿತಿಯಲ್ಲಿ ಕೂರಿಸಿಬಿಟ್ಟಿವೆ. ಒಂದನೇ ಕ್ಲಾಸಿನ ಮಗು ಊದಿದರೂ ಮೊದಲ ಉಸಿರಿಗೇ ಸ್ವರ ಬರುತ್ತದೆ.

ಈ ಸುಖಕ್ಕೆ ಒಂದು ಬೆಲೆ ಇದೆ. ರೆಕಾರ್ಡರಿನಲ್ಲಿ ಜೋರಾಗಿ ಊದಿದರೆ ದನಿ ದೊಡ್ಡದಾಗುವುದರ ಜೊತೆಗೆ ಸ್ವರವೂ ಏರುತ್ತದೆ. ಮೆಲ್ಲಗೆ ಊದಿದರೆ ಇಳಿಯುತ್ತದೆ. ಕೊಳಲಿನವರು ಆಗ ತುಟಿಯಲ್ಲೇ ಸರಿದೂಗಿಸಿಕೊಳ್ಳುತ್ತಾರೆ. ರೆಕಾರ್ಡರಿನವರಿಗೆ ಆ ದಾರಿ ಇಲ್ಲ, ಬೆರಳನ್ನು ಬದಲಾಯಿಸಿ ಏನೋ ಸ್ವಲ್ಪ ಮಾಡಬಹುದು. 18ನೇ ಶತಮಾನದಲ್ಲಿ ಯುರೋಪಿನ ವಾದ್ಯಗೋಷ್ಠಿಗಳು ದೊಡ್ಡದಾಗುತ್ತಾ, ದನಿಯ ಏರಿಳಿತ ಮುಖ್ಯವಾಗುತ್ತಾ ಹೋದಾಗ ರೆಕಾರ್ಡರ್ ಹಿಂದೆ ಬಿದ್ದು ಅಡ್ಡ ಕೊಳಲು ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣ. ಅದಕ್ಕೂ ಮುಂಚೆ ಜರ್ಮನಿಯ ಸಂಗೀತ ರಚನಕಾರ ಬಾಖ್‌ನಂಥವರು ತಮ್ಮ ನಾಲ್ಕನೇ ಬ್ರಾಂಡನ್‌ಬರ್ಗ್ ಕನ್ಸರ್ಟೋ ಅನ್ನುವ ವಾದ್ಯಗೋಷ್ಠಿಯ ಕೃತಿಯಲ್ಲಿ ಎರಡು ರೆಕಾರ್ಡರಿಗೆ ಜಾಗ ಕೊಟ್ಟಿದ್ದರು. ಆಮೇಲೆ ಹೆಚ್ಚೂಕಮ್ಮಿ ಮರೆತೇ ಹೋಗಿದ್ದ ಈ ವಾದ್ಯಕ್ಕೆ 20ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಜೀವ ಕೊಟ್ಟವರು ಆರ್ನಾಲ್ಡ್ ಡೋಲ್ಮೆಚ್. 1919ರಲ್ಲಿ ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಲ್ಲಿ ಅವರ ಹಳೆಯ ರೆಕಾರ್ಡರ್ ಇದ್ದ ಚೀಲ ಕಳೆದುಹೋಯಿತು. ಹೋದದ್ದು ಹೋಯಿತು ಅಂತ ಕೂರದೆ ತಾವೇ ಮಾಡಲು ಶುರು ಮಾಡಿದರು. ನಂತರ ಅದು ಶಾಲೆಗಳಿಗೆ ಬಂತು, ಪ್ಲಾಸ್ಟಿಕ್ಕೂ ಬಂತು, ಈಗ ನಂದಿ ಬೆಟ್ಟದ ಬುಡಕ್ಕೂ ಬಂದಿದೆ.

ಈಗ ನೀರಿನ ವಿಷಯ. ನಮ್ಮ ಉಸಿರು ಬೆಚ್ಚಗೆ, ತೇವವಾಗಿ ಇರುತ್ತದೆ. ನಿಮ್ಮ ಕಡೆ ಮಾರ್ಗಶಿರ, ಪುಷ್ಯದ ಬೆಳಿಗ್ಗೆ ಎಷ್ಟು ಚಳಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಣ್ಣಗಿನ ಪ್ಲಾಸ್ಟಿಕ್ಕಿಗೆ ಬಿಸಿ ಉಸಿರು ತಾಗಿದ ಕೂಡಲೇ ಹನಿ ಕಟ್ಟುತ್ತದೆ. ಸೀಳು ಒಂದೇ ಮಿಲಿಮೀಟರ್ ಎತ್ತರ ಇರುವುದರಿಂದ ಹನಿ ಮಾಳಿಗೆಗೂ ನೆಲಕ್ಕೂ ಅಂಟಿಕೊಂಡು ಅಡ್ಡ ಗೋಡೆಯಾಗುತ್ತದೆ. ಗಾಳಿಯ ಹಾಳೆ ಹರಿದು ಹೋಗುತ್ತದೆ. ಮೊದಲು ಮಂಕು ದನಿ, ಆಮೇಲೆ ಬರೀ ಉಸಿರು. ಹುಡುಗರು ಉಗುಳು ತುಂಬಿದೆ ಅಂತ ಒಬ್ಬರನ್ನೊಬ್ಬರು ರೇಗಿಸುತ್ತಾರೆ. ಪಾಪ, ಅದರಲ್ಲಿ ಉಗುಳು ಕಮ್ಮಿ, ಉಸಿರಿನ ನೀರೇ ಜಾಸ್ತಿ.

ಮದ್ದು ಸುಲಭ. ಊದುವ ಮೊದಲು ತಲೆಯ ಭಾಗವನ್ನು ಬೆಚ್ಚಗೆ ಮಾಡಬೇಕು. ಬಿಚ್ಚಿ ಸ್ವೆಟರ್ ಒಳಗೆ ಅಥವಾ ಕಂಕುಳಲ್ಲಿ ಐದು ನಿಮಿಷ ಇಟ್ಟುಕೊಳ್ಳಲಿ. ಪ್ರಾರ್ಥನೆ ಶುರುವಾಗುವ ತನಕ ಮಕ್ಕಳು ಹೇಗೂ ಸಾಲಿನಲ್ಲಿ ನಿಂತಿರುತ್ತಾರೆ, ಅಷ್ಟು ಸಾಕು. ಬಿಸಿಲಿಗೆ ಇಡಬೇಡಿ, ಒಲೆಯ ಹತ್ತಿರ ಅಂತೂ ಬೇಡವೇ ಬೇಡ. ನಡುವೆ ದನಿ ಕಟ್ಟಿದರೆ ಕಿಟಕಿಯ ಮೇಲೆ ಬೆರಳನ್ನು ಅಡ್ಡಲಾಗಿ, ಅಲಗಿಗೆ ಒತ್ತದ ಹಾಗೆ ಮೆಲ್ಲಗೆ ಮುಚ್ಚಿ, ಒಂದು ಸಲ ಜೋರಾಗಿ ಊದಬೇಕು. ಕಿಟಕಿ ಮುಚ್ಚಿರುವುದರಿಂದ ಕಿರುಚುವುದಿಲ್ಲ, ನೀರು ಮಾತ್ರ ಹೋಗುತ್ತದೆ. ತನ್ನದೇ ರೆಕಾರ್ಡರ್ ಇರುವ ಮಗು ಉಸಿರನ್ನು ಒಳಗೆ ಎಳೆದುಕೊಂಡರೂ ಸೀಳು ಖಾಲಿಯಾಗುತ್ತದೆ. ಹಂಚಿಕೊಂಡು ಊದುತ್ತಿದ್ದರೆ ಹೀಗೆ ಎಳೆದುಕೊಳ್ಳುವುದು ಬೇಡ. ಕೆಲವರು ತಲೆಯನ್ನು ಅಂಗೈಗೆ ಬಡಿಯುತ್ತಾರೆ. ಜೋರಾಗಿ ಒದರಿದರೆ ಸಾಕು, ಬಡಿಯಬೇಡಿ.

ಇದಕ್ಕಿಂತ ಹೆಚ್ಚು ಹೊತ್ತು ಉಳಿಯುವ ಉಪಾಯ ಸೋಪಿನ ನೀರು. ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವು ಹನಿ ಹಾಕಿ ಕಲಸಿ. ಕಿಟಕಿಯ ಕಡೆಯಿಂದ ಸೀಳಿನೊಳಗೆ ಇಳಿಯುವಂತೆ ನಾಲ್ಕಾರು ಹನಿ ಬಿಡಿ. ಒಂದು ನಿಮಿಷ ಬಿಟ್ಟು ಒದರಿ, ತೊಳೆಯದೆ ಹಾಗೇ ನೆರಳಲ್ಲಿ ಒಣಗಿಸಿ. ಗೋಡೆಗೆ ಸೋಪಿನ ತೆಳು ಪದರ ಉಳಿಯುತ್ತದೆ. ಆಮೇಲೆ ಅಲ್ಲಿ ಕಟ್ಟುವ ನೀರು ದುಂಡನೆ ಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿ ಹರಿದು ಹೋಗುತ್ತದೆ. ನೀರು ಇದ್ದೇ ಇರುತ್ತದೆ, ಗಾಳಿಗೆ ಅಡ್ಡ ನಿಲ್ಲುವುದಿಲ್ಲ ಅಷ್ಟೇ. ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಸಣ್ಣ ಬಾಟಲಿಗಳೂ ಇವೆ. ಶಾಲೆಗೆ ಅದು ದಂಡ.

ನಿಮ್ಮ ಜಿಲ್ಲೆಗೆ ಹೊಂದುವ ಇನ್ನೆರಡು ಮಾತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ಅದೇ ನೀರಿನಲ್ಲಿ ರೆಕಾರ್ಡರ್ ತೊಳೆದು ಒಣಗಿಸಿದರೆ ಸೀಳಿನ ಗೋಡೆಗೂ ಆ ಬಿಳುಪು ಅಂಟುತ್ತದೆ. ಪಾತ್ರೆಗೆ ಅದು ಏನೂ ಅಲ್ಲ, ಒಂದು ಮಿಲಿಮೀಟರಿನ ದಾರಿಗೆ ತುಂಬಾ ಆಯಿತು. ಊರಿನ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತಂದು ಅದರಲ್ಲಿ ತೊಳೆಯಿರಿ, ಇಲ್ಲವೇ ಮಳೆ ನೀರು ಹಿಡಿದಿಡಿ. ಈಗಾಗಲೇ ಬಿಳುಪು ಕಟ್ಟಿದ್ದರೆ ಅಡುಗೆಯ ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ಪ್ಲಾಸ್ಟಿಕ್ ತಲೆಯನ್ನು ಅರ್ಧ ಗಂಟೆ ಮುಳುಗಿಸಿಡಿ. ನಿಂಬೆರಸವೂ ಆಗುತ್ತದೆ. ಆಮೇಲೆ ಒಳ್ಳೆ ನೀರಲ್ಲಿ ತೊಳೆದರೆ ಆಯಿತು. ಉಜ್ಜುವುದು ಬೇಡ. ಉಗುರುಬೆಚ್ಚಗಿನ ನೀರಿಗಿಂತ ಬಿಸಿ ಬೇಡ, ಕುದಿಯುವ ನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗಿ ಅಲಗು ಸೀಳಿನ ನೇರದಿಂದ ತಪ್ಪಬಹುದು. ನೇಲ್ ಪಾಲಿಶ್ ತೆಗೆಯುವ ದ್ರವ ಹತ್ತಿರವೂ ತರಬೇಡಿ. ಅದರಲ್ಲಿರುವ ಅಸಿಟೋನ್ ಈ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.

ಎರಡನೆಯದು ಹಾಲು. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕುಡಿದು ಬಾಯಿ ಒರೆಸಿಕೊಂಡು ನೇರವಾಗಿ ಊದಿದರೆ ಸೀಳಿನಲ್ಲಿ ಹಾಲಿನ ಪದರ ಒಣಗಿ ಕೂರುತ್ತದೆ. ಊಟ ಆದ ಮೇಲೆ ಅನ್ನದ ಅಗುಳು, ಕಡಲೆಕಾಯಿ ಚೂರು ಸೇರಿಕೊಳ್ಳುತ್ತದೆ. ಬಾಯಿ ಮುಕ್ಕಳಿಸಿ ಊದುವ ನಿಯಮ ಮಾಡಿ. ಚೂರು ಒಳಗೆ ಸಿಕ್ಕಿಕೊಂಡರೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ, ಕಿಟಕಿಯ ಕಡೆಯಿಂದ ನೀರು ಹರಿಸಿ. ಅದೂ ಆಗದಿದ್ದರೆ ಕೋಳಿಯ ಮೆತ್ತನೆ ಪುಕ್ಕವೊಂದನ್ನು ತೊಳೆದು, ಕೊಕ್ಕಿನ ಕಡೆಯಿಂದ ತೂರಿಸಬಹುದು. ಅಷ್ಟು ಮೆತ್ತನೆಯದಕ್ಕೆ ಮಾತ್ರ ನನ್ನ ಒಪ್ಪಿಗೆ.

ಪಿನ್ನು ಹಾಕಿದ ರೆಕಾರ್ಡರಿಗೆ ಬರೋಣ. ತೊಂದರೆ ತಲೆಯಲ್ಲೇ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ತಲೆಯನ್ನು ಬಿಚ್ಚಿ ಅದೊಂದನ್ನೇ ಊದಿ. ಒಂದು ಚೂಪಾದ ಸ್ವರ ಬರಬೇಕು. ಕೆಳಗಿನ ತುದಿಯನ್ನು ಅಂಗೈಯಿಂದ ಮುಚ್ಚಿ ಊದಿದರೆ ತುಂಬಾ ಕೆಳಗಿನ, ಮೆತ್ತನೆ ಸ್ವರ ಬರಬೇಕು. ಎರಡೂ ಶುದ್ಧವಾಗಿ ಬಂದರೆ ತಲೆ ಚೆನ್ನಾಗಿದೆ. ತಪ್ಪು ಕೆಳಗಿದೆ: ಜೋಡಣೆಯಲ್ಲಿ ಗಾಳಿ ಸೋರುತ್ತಿದೆ, ಅಥವಾ ಮಗುವಿನ ಬೆರಳು ತೂತನ್ನು ಪೂರ್ತಿ ಮುಚ್ಚುತ್ತಿಲ್ಲ. ಈ ಎರಡನೆಯದು ಎಷ್ಟು ಸಾಮಾನ್ಯ ಅಂದರೆ, ಕೆಟ್ಟಿದೆ ಅಂತ ಪಕ್ಕಕ್ಕಿಟ್ಟ ರೆಕಾರ್ಡರನ್ನು ದೊಡ್ಡವರು ಊದಿದರೆ ಸುಮ್ನೆ ಹಾಡುತ್ತದೆ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಇದ್ದರೆ ತಲೆ ಅದಲು ಬದಲು ಮಾಡಿ ನೋಡುವುದು ಇನ್ನೂ ಸುಲಭ.

ತಲೆಯೇ ಸುಯ್ ಅಂದರೆ ಅದನ್ನು ಬೆಳಕಿಗೆ ಹಿಡಿದು ಅಲಗನ್ನು ನೋಡಿ. ಅಂಚಿನಲ್ಲಿ ಕಚ್ಚು ಬಿದ್ದಿದೆಯಾ, ಪ್ಲಾಸ್ಟಿಕ್ ಎದ್ದು ನಿಂತಿದೆಯಾ? ಎದ್ದು ನಿಂತ ಸಿಬಿರು ಮಾತ್ರ ಇದ್ದರೆ ಅತಿ ನಯವಾದ, ಸಾವಿರ ನಂಬರಿಗಿಂತ ಮೇಲಿನ ಸ್ಯಾಂಡ್‌ಪೇಪರಿನ ಚೂರನ್ನು ಒದ್ದೆ ಮಾಡಿ ಇಳಿಜಾರಿನ ಮೇಲೆ ಒಂದೆರಡು ಸಲ ಸವರಿ. ಕಚ್ಚು ಆಳವಾಗಿದ್ದರೆ ಕೈಬಿಡಿ. ಅಂಚನ್ನು ಹಿಂದಕ್ಕೆ ತಳ್ಳುತ್ತಾ ಹೋದರೆ ಆ ನಾಲ್ಕು ಮಿಲಿಮೀಟರ್ ಐದಾಗುತ್ತದೆ, ಆಗ ಮೇಲಿನ ಸ್ವರಗಳು ಏಳುವುದಕ್ಕೆ ತಿಣುಕುತ್ತವೆ. ಫೆವಿಕ್ವಿಕ್ ಹಾಕಿ ತುಂಬುವ ಯೋಚನೆ ಬಂದರೆ ಬಿಟ್ಟುಬಿಡಿ. ಅದು ಸೀಳಿಗೆ ಹರಿದರೆ ಇದ್ದದ್ದೂ ಹೋಯಿತು.

ಮುಂದೆ ಯಾರಾದರೂ ಮರದ ರೆಕಾರ್ಡರ್ ಕೊಟ್ಟರೆ ಇದೇ ಉಪಚಾರ ಮಾಡಬೇಡಿ. ಅದನ್ನು ನೀರಲ್ಲಿ ಮುಳುಗಿಸಬಾರದು. ಅದರ ಬೆಣೆ ಸಾಮಾನ್ಯವಾಗಿ ಸೀಡರ್ ಮರದ್ದು. ತೇವವನ್ನು ಹೀರಿಕೊಳ್ಳುತ್ತದೆ, ಆದರೂ ಹೆಚ್ಚು ಉಬ್ಬುವುದಿಲ್ಲ ಅನ್ನುವ ಕಾರಣಕ್ಕೆ ಅದನ್ನು ಆರಿಸುತ್ತಾರೆ. ಕೊಳವೆಗೆ ಎಣ್ಣೆ ಸವರಬಹುದು, ಬೆಣೆಗೂ ಸೀಳಿಗೂ ತಾಗಬಾರದು. ಹೊಸದಾದರೆ ಮೊದಲ ಕೆಲವು ವಾರ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಊದಬಾರದು.

ನಿಮ್ಮ ಜಾತ್ರೆಯ ಕೊಳಲು ನನಗೆ ಹೆಚ್ಚು ಇಷ್ಟದ ವಿಷಯ. ಅದರಲ್ಲೂ ಅದೇ ನಾಲ್ಕು ಭಾಗ ಇವೆ: ಮರದ ಬೆಣೆ, ಬೆಣೆಯ ಬೆನ್ನು ಕೆತ್ತಿ ಮಾಡಿದ ಸೀಳು, ಬಿದಿರಿನಲ್ಲಿ ಕೊರೆದ ಕಿಟಕಿ, ಓರೆಯಾಗಿ ಕೆತ್ತಿದ ಅಲಗು. ಜಾತ್ರೆ ಹೊತ್ತಿಗೆ ಹಸಿಯಾಗಿದ್ದ ಬೆಣೆ ಬೇಸಿಗೆಗೆ ಒಣಗಿ ಕುಗ್ಗಿದೆ. ಈಗ ಗಾಳಿ ಸೀಳಿನಲ್ಲಿ ಮಾತ್ರ ಹೋಗದೆ ಬೆಣೆಯ ಪಕ್ಕದಿಂದಲೂ ಕೆಳಗಿನಿಂದಲೂ ನುಸುಳುತ್ತಿದೆ. ಅಲಗಿಗೆ ತಾಗುವ ಗಾಳಿಗೆ ಬಲವಿಲ್ಲ.

ಬೆಣೆ ಹಳೆಯ ಜಾಗದಲ್ಲೇ ಇದ್ದರೆ ಪಕ್ಕದ ಸಂದುಗಳಿಗೆ ಜೇನುಮೇಣವನ್ನು ಬೆರಳಲ್ಲಿ ಮೆತ್ತಗೆ ಮಾಡಿ ತುಂಬಿ. ಸೀಳಿಗೆ ಮೇಣ ಹೋಗದಿರಲಿ ಅಂತ ಮೊದಲೇ ಒಂದು ಗಟ್ಟಿ ಕಾಗದದ ಪಟ್ಟಿಯನ್ನು ಸೀಳಿನೊಳಗೆ ಇಟ್ಟುಕೊಳ್ಳಿ. ಬೆಣೆ ಬಿದ್ದೇ ಹೋಗಿದ್ದರೆ ಹೊಸದು ಕೆತ್ತಬೇಕು. ಊರ ಬಡಗಿಯವರಿಗೆ ಹೇಳಿದರೆ ಒಂದು ಮಧ್ಯಾಹ್ನದ ಕೆಲಸ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದಂಥ ಎಳೆ ನಯವಾದ, ಒಣಗಿದ ಮರ ಸಿಕ್ಕರೆ ಒಳ್ಳೆಯದು. ಬಣ್ಣ, ವಾರ್ನಿಷ್ ಏನೂ ಬೇಡ. ಮೊದಲು ಬಿದಿರಿನ ಒಳಗೆ ಬಿಗಿಯಾಗಿ ಕೂರುವ ದುಂಡನೆ ತುಂಡು ಮಾಡಿಸಿ, ಉದ್ದ ಬಾಯಿಂದ ಕಿಟಕಿಯ ಮೊದಲ ಅಂಚಿನ ತನಕ. ಆಮೇಲೆ ಅದರ ಬೆನ್ನನ್ನು ಮಾತ್ರ ಚಪ್ಪಟೆಯಾಗಿ ಕೆತ್ತಿ. ಬಾಯಿಯ ಕಡೆ ಚೂರು ಜಾಸ್ತಿ, ಕಿಟಕಿಯ ಕಡೆಗೆ ಬರುತ್ತಾ ಒಂದು ಮಿಲಿಮೀಟರಿಗೆ ಇಳಿಯಬೇಕು. ದಾರಿ ಹೀಗೆ ಕಿರಿದಾಗುತ್ತಾ ಬಂದರೆ ಗಾಳಿ ಒಗ್ಗೂಡಿ ಹೊರಡುತ್ತದೆ. ಒಂದೊಂದು ಸಲವೂ ಚೂರೇ ಕೆತ್ತಿ, ಕೂರಿಸಿ ಊದಿ ನೋಡಿ. ತೆಗೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಸೀಳಿನಿಂದ ಹೊರಟ ಗಾಳಿ ಅಲಗಿನ ಅಂಚಿಗೆ ನೇರವಾಗಿ ತಾಗಬೇಕು. ಎಲ್ಲವೂ ಅಲಗಿನ ಮೇಲೆ ಹೋದರೂ ಸದ್ದಿಲ್ಲ, ಕೆಳಗೆ ಹೋದರೂ ಸದ್ದಿಲ್ಲ. ಬೆಣೆಯನ್ನು ಅರ್ಧ ಮಿಲಿಮೀಟರ್ ಹಿಂದೆ ಮುಂದೆ ಸರಿಸಿಯೂ ನೋಡಿ, ದನಿ ಬೇರೆ ಬೇರೆ ಬರುತ್ತದೆ. ನಿಮ್ಮ ಮಕ್ಕಳಿಗೆ ವಿಜ್ಞಾನದ ಪಾಠವೂ ಆಯಿತು.

ಹೊಸ ಬಿದಿರಿನಲ್ಲಿ ಪೂರ್ತಿ ಮಾಡುವ ಆಸೆ ಹುಟ್ಟಿದರೆ ಉದ್ದದ ಲೆಕ್ಕ ಹೀಗೆ. ಕಿಟಕಿಯೂ ತೆರೆದ ಬಾಯಿ, ಕೆಳಗಿನ ತುದಿಯೂ ತೆರೆದ ಬಾಯಿ. ಅದಕ್ಕೇ ಕೊಳವೆಯ ಉದ್ದ ಅಲೆಯ ಉದ್ದದ ಅರ್ಧ. 523ರ ಸ್ವರಕ್ಕೆ ಲೆಕ್ಕದಲ್ಲಿ 33 ಸೆಂಟಿಮೀಟರ್ ಬರುತ್ತದೆ. ಆದರೆ ಕಿಟಕಿ ಕೊಳವೆಯ ಬಾಯಿಗಿಂತ ಚಿಕ್ಕದಾದ್ದರಿಂದ ಸ್ವರ ಲೆಕ್ಕಕ್ಕಿಂತ ಕೆಳಗೆ ಬರುತ್ತದೆ. ಅಲಗಿನಿಂದ ತುದಿಗೆ ಅಳೆದರೆ ನಿಜವಾದ ಉದ್ದ ಕೆಲವು ಸೆಂಟಿಮೀಟರ್ ಕಮ್ಮಿಯೇ ಇರುತ್ತದೆ. ಉದ್ದವಾಗಿಯೇ ಇಟ್ಟುಕೊಂಡು, ಶ್ರುತಿ ಪೆಟ್ಟಿಗೆಗೆ ಹೊಂದುವ ತನಕ ಕೆಳಗಿನಿಂದ ಕತ್ತರಿಸುತ್ತಾ ಬನ್ನಿ.

ಇದು ಬಡವರ ವಾದ್ಯ ಅಂತ ಯಾರಾದರೂ ಮೂಗು ಮುರಿದರೆ ಐರ್ಲೆಂಡಿನವರ ಟಿನ್ ವಿಸಲ್ ತೋರಿಸಿ. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡಿನ ಹಾಳೆಯನ್ನು ಸುತ್ತಿ, ಬಾಯಿಗೆ ಒಂದು ಮರದ ಬೆಣೆ ಇಟ್ಟು ಮಾರಲು ಶುರು ಮಾಡಿದ. ಆ ಮಾದರಿ ಇವತ್ತಿಗೂ ಮಾರಾಟದಲ್ಲಿದೆ, ಬೆಣೆ ಇವತ್ತಿಗೂ ಮರದ್ದೇ. ಲೋಹದ ಕೊಳವೆಗೆ ಪ್ಲಾಸ್ಟಿಕ್ ತಲೆ ಸಿಕ್ಕಿಸಿದ ವಿಸಲ್‌ಗಳಲ್ಲಿ ಸೀಳಿನ ಕೆಳಗೆ ಒಂದು ಟೊಳ್ಳು ಇರುತ್ತದೆ. ಐರಿಷ್ ಸಂಗೀತದವರು ಅದಕ್ಕೆ ಅಂಟು ಜೇಡಿಮಣ್ಣಿನಂಥ ಪುಟ್ಟಿ ತುಂಬಿ, ಮೇಲಿನ ಸ್ವರಗಳು ಒರಟಾಗದಂತೆ ಮಾಡಿಕೊಳ್ಳುತ್ತಾರೆ. ಬಸ್ ಕಂಡಕ್ಟರ್ ಊದುವ ಸೀಟಿಯಲ್ಲೂ ಸೀಳು, ಕಿಟಕಿ, ಅಲಗು ಇದ್ದೇ ಇವೆ. ಒಳಗಿನ ಗೋಲಿ ಸ್ವರ ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ಗುರ್ ಅನ್ನುವಂತೆ ತುಂಡರಿಸುತ್ತದೆ. ಕುಕ್ಕರ್ ಸೀಟಿ ಮಾತ್ರ ಈ ವಂಶದ್ದಲ್ಲ.

ಶ್ರುತಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ತೊಂದರೆ ಅದೇ. ಬೆಳಿಗ್ಗೆ 15 ಡಿಗ್ರಿ ಇರುವ ಗಾಳಿ ಮಧ್ಯಾಹ್ನ 27 ಆದರೆ, ಅದೇ ತೂತಿನ ಸ್ವರ ಹೆಚ್ಚುಕಡಿಮೆ ಶೇಕಡಾ 2ರಷ್ಟು ಏರುತ್ತದೆ. ಒಂದು ಸ್ವರಸ್ಥಾನದ ಮೂರನೇ ಒಂದು ಭಾಗ ಅಂದುಕೊಳ್ಳಿ. ಹಾರ್ಮೋನಿಯಂ ಜೊತೆ ಊದಿಸುವಾಗ ಮಕ್ಕಳೆಲ್ಲ ಮೊದಲು ಒಂದಷ್ಟು ಊದಿ ವಾದ್ಯ ಬಿಸಿ ಮಾಡಿಕೊಳ್ಳಲಿ. ಆಮೇಲೂ ಸ್ವರ ಮೇಲಿದ್ದರೆ ತಲೆಯನ್ನು ಒಂದೆರಡು ಮಿಲಿಮೀಟರ್ ಹೊರಗೆ ಎಳೆದರೆ ಇಳಿಯುತ್ತದೆ. ಕೆಳಗಿದ್ದರೆ ಏರಿಸುವ ದಾರಿ ಇಲ್ಲ. ಇನ್ನೊಂದು, ಪೆಟ್ಟಿಗೆಯಲ್ಲಿ ಬೆರಳಿಡುವ ಕ್ರಮ ಬೇರೆ ಬೇರೆ ಇರುವ ಎರಡು ಜಾತಿ ಬೆರೆತಿರಬಹುದು. ಮುಂದಿನ ತೂತುಗಳಲ್ಲಿ ಮೇಲಿನಿಂದ ನಾಲ್ಕನೆಯದು ಐದನೆಯದಕ್ಕಿಂತ ಚಿಕ್ಕದಿದ್ದರೆ ಬರೋಕ್ ಬೆರಳು, ಐದನೆಯದೇ ಚಿಕ್ಕದಿದ್ದರೆ ಜರ್ಮನ್ ಬೆರಳು. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಮಧ್ಯಮ ಸ್ವರ ಬಂದಾಗ ಜಗಳ ಶುರುವಾಗುತ್ತದೆ. ಬೇರೆ ಮಾಡಿಡಿ. ನನ್ನ ಆಯ್ಕೆ ಬರೋಕ್.

ರೆಕಾರ್ಡರಿನಿಂದ ಕೊಳಲಿಗೆ ಹೋಗುವುದು ಸುಲಭವಾ ಅಂದರೆ, ಬೆರಳಿಗೆ ಸ್ವಲ್ಪ ಸುಲಭ, ತುಟಿಗೆ ಏನೂ ಸಹಾಯ ಇಲ್ಲ. ಗಮಕವನ್ನು ಬೆರಳು ಜಾರಿಸಿ ರೆಕಾರ್ಡರಿನಲ್ಲೂ ಒಂದಿಷ್ಟು ತರಬಹುದು. ಸಂಗೀತವನ್ನು ಮುಂದುವರಿಸುವ ಮಗುವನ್ನು ಅದರಲ್ಲೇ ಜಾಸ್ತಿ ವರ್ಷ ಇಡಬೇಡಿ. ಸರಳೆ, ಜಂಟಿ ವರಸೆಗೆ, ನಾಡಗೀತೆಗೆ ಅದು ಧಾರಾಳವಾಗಿ ಸಾಕು.

ಪಿನ್ನು ತಾಗಿದ ತಲೆ ಸರಿಹೋಗದಿದ್ದರೆ ಎಸೆಯಬೇಡಿ. ಅದರ ಕೆಳಭಾಗ ಬೇರೊಂದಕ್ಕೆ ಬಿಡಿಭಾಗವಾಗಿ ಇರಲಿ. ತಲೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದುದ್ದ, ಕಿಟಕಿಯ ನಡು ಮಧ್ಯಕ್ಕೆ ಬರುವಂತೆ ಕೊಯ್ಯಿಸಿ. ಸೀಳು, ಬೆಣೆ, ಕಿಟಕಿ, ಅಲಗು ನಾಲ್ಕೂ ಒಂದೇ ನೋಟಕ್ಕೆ ಕಾಣುತ್ತವೆ. ಪಿನ್ನು ಹಾಕಿದ ಹುಡುಗನ ಕೈಗೇ ಮೊದಲು ಕೊಡಿ. ಕೊಯ್ದ ಅಂಚಿಗೆ ಸ್ಯಾಂಡ್‌ಪೇಪರ್ ಉಜ್ಜುವುದು ಮರೆಯಬೇಡಿ, ಪ್ಲಾಸ್ಟಿಕ್ ಸಿಬಿರು ಬೆರಳಿಗೆ ಚುಚ್ಚುತ್ತದೆ.